ಯಾವ ವರ್ಷದ ಪುಸ್ತಕ ಅದು?

ಓದುಗರ ಪ್ರಶ್ನೆ, ಗ್ರಂಥಪಾಲಕಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಬಲ್ ಸಂಶೋಧನೆಯ ಬಗ್ಗೆಯೇ ಇವೆ. ಬೈಬಲನ್ನು ಭಕ್ತಿಯಿಂದ ಓದುವುದು ಹೇಗೆ ಅಂತ ಯಾರೂ ಕೇಳಿಲ್ಲ. ಪ್ರಬಂಧ ಬರೆಯಲು ಸಾಮಗ್ರಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದಾರೆ. ಥಿಯಾಲಜಿ ಲೈಬ್ರರಿಯ ಕೌಂಟರಿನ ಹಿಂದೆ ಕೂತೇ ಕೂದಲು ಬೆಳ್ಳಗಾದವಳು ನಾನು. ಇಂಥ ಪ್ರಶ್ನೆ ಬಂದರೆ ಸುಮ್ನಿರಲು ಆಗುವುದಿಲ್ಲ.

*ಪ್ರಶ್ನೆ: ಮೇಡಂ, ನಾನು ಎಂ.ಎ. ವಿದ್ಯಾರ್ಥಿನಿ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ (ಯೋಹಾನ 7:53ರಿಂದ 8:11) ನನ್ನ ಪ್ರಬಂಧದ ವಿಷಯ. ಗೂಗಲ್ ಮಾಡಿದರೆ ಬರೀ ಚರ್ಚಿನ ಪ್ರಸಂಗಗಳೇ, ಅಂದರೆ ಉಪದೇಶಗಳೇ ಬರುತ್ತವೆ. ಎಲ್ಲಿಂದ ಶುರು ಮಾಡಲಿ?*

ಗೂಗಲ್‌ನಿಂದಂತೂ ಬೇಡ. ಅದು ಜಾಸ್ತಿ ಜನ ಓದಿದ್ದನ್ನು ಮುಂದೆ ಇಡುತ್ತದೆ. ಪ್ರಸಂಗ ಓದುವವರು ಸಾವಿರ, ಹಸ್ತಪ್ರತಿಯ ಲೇಖನ ಓದುವವರು ಹತ್ತು ಜನ. ಹಾಗಾಗಿ ನಿಮಗೆ ಬೇಕಾದದ್ದು ಯಾವಾಗಲೂ ಕೆಳಗೇ ಇರುತ್ತದೆ.

ಮೊದಲು ಪಠ್ಯ. ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯಕ್ಕೆ ವಿದ್ವಾಂಸರು ಬಳಸುವುದು ನೆಸ್ಲೆ-ಆಲಂಡ್ ಆವೃತ್ತಿ. ಅದರ 28ನೆಯ ಆವೃತ್ತಿ 2012ರಲ್ಲಿ ಬಂತು. ಜರ್ಮನ್ ಬೈಬಲ್ ಸೊಸೈಟಿ ಈ ಪಠ್ಯವನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಅಲ್ಲಿ ನಿಮ್ಮ ಭಾಗ ತೆಗೆದು ನೋಡಿ. ಆ ಹನ್ನೆರಡೂ ವಚನಗಳು ಜೋಡಿ ಆವರಣದೊಳಗೆ ಇವೆ. ಇದು ಮೂಲ ಸುವಾರ್ತೆಯ ಭಾಗವಲ್ಲ, ಆದರೆ ಬಹಳ ಹಳೆಯದು, ಅದಕ್ಕೇ ತೆಗೆದುಹಾಕಿಲ್ಲ ಎಂಬುದು ಆ ಗುರುತಿನ ಅರ್ಥ. ಒಂದು ಮಾತು: ಉಚಿತ ಪಠ್ಯದಲ್ಲಿ ಪುಟದ ಅಡಿಯ ಪಾಠಾಂತರಗಳು, ಅಂದರೆ ಯಾವ ಹಸ್ತಪ್ರತಿಯಲ್ಲಿ ಪಠ್ಯ ಹೇಗೆ ಬೇರೆ ಇದೆ ಅನ್ನುವ ಟಿಪ್ಪಣಿಗಳು, ಇರುವುದಿಲ್ಲ. ನಿಮ್ಮ ವಿಷಯಕ್ಕೆ ಆ ಅಡಿಯ ಸಾಲುಗಳೇ ಜೀವ. ಅದಕ್ಕೆ ಅಚ್ಚಾದ ಪುಸ್ತಕವೇ ಬೇಕು. ಯಾವುದಾದರೂ ಥಿಯಾಲಜಿ ಲೈಬ್ರರಿಯಲ್ಲಿ ಕೂತು ಆ ಎರಡು ಪುಟ ನಕಲು ಮಾಡಿಕೊಳ್ಳಿ.

ಆಮೇಲೆ ಹಸ್ತಪ್ರತಿ. ಇದನ್ನು ಮನೆಯಲ್ಲೇ ಕೂತು ನೋಡಬಹುದು. ನಾಲ್ಕನೆಯ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿ ಕೋಡೆಕ್ಸ್ ಸೈನೈಟಿಕಸ್‌ನ ಹಾಳೆಗಳು ಇವತ್ತು ಬ್ರಿಟಿಷ್ ಲೈಬ್ರರಿ, ಲೈಪ್‌ಜಿಗ್ ವಿಶ್ವವಿದ್ಯಾಲಯ, ಸೀನಾಯಿಯ ಸಂತ ಕ್ಯಾಥರಿನ್ ಮಠ, ರಷ್ಯಾದ ರಾಷ್ಟ್ರೀಯ ಗ್ರಂಥಾಲಯ ಹೀಗೆ ನಾಲ್ಕು ಕಡೆ ಹಂಚಿಹೋಗಿವೆ. 2009ರಿಂದ ಅವೆಲ್ಲ ಒಂದೇ ಜಾಲತಾಣದಲ್ಲಿ ಸಿಗುತ್ತಿವೆ. ಯೋಹಾನ 7:52 ತೆಗೆಯಿರಿ. ಅದು ಮುಗಿದ ಕೂಡಲೇ 8:12 ಶುರುವಾಗುತ್ತದೆ. ನಡುವೆ ಖಾಲಿ ಜಾಗ ಇಲ್ಲ, ಗುರುತು ಇಲ್ಲ. ಬರೆದವನ ಮುಂದಿದ್ದ ಪ್ರತಿಯಲ್ಲಿ ಆ ಹೆಂಗಸೇ ಇರಲಿಲ್ಲ.

ಇನ್ನು ಕೋಡೆಕ್ಸ್ ಬೀಜೇ ನೋಡಿ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿಯಲ್ಲಿದೆ. ಈ ಕಥೆ ಇರುವ ಗ್ರೀಕ್ ಹಸ್ತಪ್ರತಿಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದು. ಅಲ್ಲಿಂದ ಸ್ವಿಸ್ ಹಸ್ತಪ್ರತಿಗಳ ಇ-ಕೋಡಿಸೆಸ್ ತಾಣಕ್ಕೆ ಹೋಗಿ ಸಂತ ಗಾಲೆನ್ ಮಠದ 48ನೆಯ ಹಸ್ತಪ್ರತಿ ತೆಗೆಯಿರಿ. ವಿದ್ವಾಂಸರು ಡೆಲ್ಟಾ ಅಂತ ಕರೆಯುವುದು ಇದನ್ನೇ. ಒಂಬತ್ತನೆಯ ಶತಮಾನದ್ದು, ಗ್ರೀಕ್ ಸಾಲಿನ ಮೇಲೆ ಲ್ಯಾಟಿನ್ ಬರೆದಿದ್ದಾರೆ. ನಿಮ್ಮ ಕಥೆ ಬರಬೇಕಾದ ಕಡೆ ಜಾಗ ಖಾಲಿ ಬಿಟ್ಟಿದ್ದಾನೆ ಆ ಸನ್ಯಾಸಿ. ಕಥೆ ಇದೆ ಅಂತ ಅವನಿಗೆ ಗೊತ್ತು, ಆದರೆ ಮುಂದಿದ್ದ ಪ್ರತಿಯಲ್ಲಿ ಇಲ್ಲ. ಏನು ಮಾಡಬೇಕು ಅಂತ ತೋಚದೆ ಚರ್ಮದ ಹಾಳೆಯ ಮೇಲೆ ಜಾಗ ಬಿಟ್ಟುಬಿಟ್ಟ. ಚರ್ಮದ ಹಾಳೆ ಎಷ್ಟು ದುಬಾರಿ ಅಂತ ನೆನಪಿಟ್ಟುಕೊಂಡು ಆ ಖಾಲಿ ಜಾಗ ನೋಡಿ. ಪ್ರಬಂಧದ ಒಂದು ಅಧ್ಯಾಯ ಅಲ್ಲೇ ಸಿಗುತ್ತದೆ.

ಇನ್ನೂ ಕೆಲವು ಹಸ್ತಪ್ರತಿಗಳಲ್ಲಿ ಈ ಕಥೆ ಯೋಹಾನನ ಕೊನೆಯಲ್ಲಿದೆ. ಕೆಲವದರಲ್ಲಂತೂ ಲೂಕ 21:38 ಆದಮೇಲೆ ಬರುತ್ತದೆ, ಅಂದರೆ ಬೇರೆ ಸುವಾರ್ತೆಯಲ್ಲೇ! ಇವನ್ನೆಲ್ಲ ಹುಡುಕಲು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಒಂದು ಸಂಸ್ಥೆ ಇದೆ. 1959ರಲ್ಲಿ ಕುರ್ಟ್ ಆಲಂಡ್ ಕಟ್ಟಿದ್ದು. ಹೊಸ ಒಡಂಬಡಿಕೆಯ ಪ್ರತಿ ಗ್ರೀಕ್ ಹಸ್ತಪ್ರತಿಗೂ ಅಧಿಕೃತ ನಂಬರ್ ಕೊಡುವವರು ಅವರೇ. ಅವರ ವರ್ಚುವಲ್ ಮ್ಯಾನುಸ್ಕ್ರಿಪ್ಟ್ ರೂಮ್‌ನಲ್ಲಿ ಯಾವ ಹಸ್ತಪ್ರತಿ ಎಲ್ಲಿದೆ, ಯಾವ ಶತಮಾನದ್ದು, ಅದರಲ್ಲಿ ಏನೇನಿದೆ ಎಲ್ಲ ಸಿಗುತ್ತದೆ. ತುಂಬ ಹಸ್ತಪ್ರತಿಗಳ ಚಿತ್ರಗಳೂ ಇವೆ.

ಮೂರನೆಯದಾಗಿ ಬೇರೆಯವರು ಬರೆದದ್ದು. ಜನ ಇಲ್ಲಿಂದ ಶುರು ಮಾಡುತ್ತಾರೆ, ನಾನು ಇದನ್ನು ಕೊನೆಗೆ ಇಡುತ್ತೇನೆ. ಟ್ಯೂಬಿಂಗನ್ ವಿಶ್ವವಿದ್ಯಾಲಯದವರ ಇಂಡೆಕ್ಸ್ ಥಿಯಾಲಾಜಿಕಸ್ ಅಂತ ಪುಸ್ತಕ, ಲೇಖನಗಳ ಒಂದು ಸೂಚಿ ಇದೆ. ಪೂರ್ತಿ ಉಚಿತ. ಅದರಲ್ಲಿ ಬೈಬಲ್ ವಚನ ಹಾಕಿಯೇ ಹುಡುಕಬಹುದು. ನಿಮ್ಮ ವಚನ ಹಾಕಿ, ಹೊಸದು ಮೇಲೆ ಬರುವಂತೆ ಜೋಡಿಸಿ. ಜೆನಿಫರ್ ಕ್ನೂಸ್ಟ್ ಮತ್ತು ಟಾಮಿ ವಾಸರ್ಮನ್ ಸೇರಿ ಈ ಕಥೆಯ ಬಗ್ಗೆಯೇ 2019ರಲ್ಲಿ ಒಂದು ದಪ್ಪ ಪುಸ್ತಕ ತಂದಿದ್ದಾರೆ, ಪ್ರಿನ್ಸ್‌ಟನ್ ಪ್ರಕಟಣೆ. ಅದು ಕೈಗೆ ಸಿಕ್ಕರೆ ಮೊದಲು ಹಿಂದಿನ ಗ್ರಂಥಸೂಚಿ ತೆಗೆಯಿರಿ. ಅಲ್ಲಿಂದ ಹಿಂದಕ್ಕೆ, ಹಿಂದಕ್ಕೆ ನಡೆಯುತ್ತಾ ಹೋಗಿ. ಎಲ್ಲರೂ ಉಲ್ಲೇಖಿಸುವ ನಾಲ್ಕಾರು ಹೆಸರು ತಾವಾಗಿಯೇ ಎದ್ದು ಕಾಣುತ್ತವೆ. ನಾಲ್ಕನೆಯ ಶತಮಾನದ ಚರ್ಚ್ ಇತಿಹಾಸಕಾರ ಯೂಸೇಬಿಯಸ್, ಹಾಗೆಯೇ ಬಿಷಪ್ ಅಗಸ್ಟೀನ್ ಏನು ಹೇಳಿದ್ದಾರೆ ಅಂತಲೂ ಅಲ್ಲೇ ಸಿಗುತ್ತದೆ. ಹೆಂಡತಿಯರಿಗೆ ಸಲಿಗೆ ಸಿಕ್ಕೀತು ಅಂತ ಹೆದರಿ ಕೆಲವರು ಈ ಕಥೆಯನ್ನು ಕಿತ್ತುಹಾಕಿದರು ಅನ್ನುವುದು ಅಗಸ್ಟೀನನ ಅನುಮಾನ. ಅವನ ಮಾತನ್ನು ಬೇರೆಯವರ ಪುಸ್ತಕದಿಂದ ಎತ್ತಬೇಡಿ. ಅವನ ಕೃತಿಯ ಅನುವಾದವನ್ನೇ ತೆಗೆದು ಓದಿ.

*ಪ್ರಶ್ನೆ: ನಾನು ಸಭಾಪಾಲಕ. ಅಂಚೆ ಮೂಲಕ ಡಿಪ್ಲೊಮಾ ಓದುತ್ತಿದ್ದೇನೆ. ಫೋನಿನ ಆ್ಯಪ್‌ನಲ್ಲಿ ಮ್ಯಾಥ್ಯೂ ಹೆನ್ರಿಯ ಬೈಬಲ್ ವ್ಯಾಖ್ಯಾನ, ಸ್ಟ್ರಾಂಗ್ಸ್ ಪದಸೂಚಿ ಎಲ್ಲ ಉಚಿತವಾಗಿ ಇವೆ. ಅಸೈನ್‌ಮೆಂಟ್‌ನಲ್ಲಿ ಅವನ್ನು ಉಲ್ಲೇಖಿಸಿದರೆ ಮಾರ್ಕ್ಸ್ ಕಡಿಮೆ ಮಾಡುತ್ತಾರೆ. ಇಷ್ಟು ದೊಡ್ಡ ದೇವಭಕ್ತರ ಪುಸ್ತಕಗಳಿಗೆ ಏನು ಕೊರತೆ?*

ಪಾಸ್ಟರೇ, ಭಕ್ತಿಗೆ ಕೊರತೆ ಇಲ್ಲ. ವರ್ಷ ನೋಡಿ. ಮ್ಯಾಥ್ಯೂ ಹೆನ್ರಿ ತೀರಿಕೊಂಡಿದ್ದು 1714ರಲ್ಲಿ. ಸ್ಟ್ರಾಂಗ್ಸ್ ಬಂದದ್ದು 1890ರಲ್ಲಿ. ಹೀಬ್ರೂ ನಿಘಂಟು ಅಂತ ಆ್ಯಪ್‌ಗಳಲ್ಲಿ ಸಿಗುವ ಬ್ರೌನ್-ಡ್ರೈವರ್-ಬ್ರಿಗ್ಸ್ 1906ರದ್ದು. ಅವೆಲ್ಲ ಉಚಿತವಾಗಿ ಸಿಗುವುದು ಕಾಪಿರೈಟ್ ಮುಗಿದಿರುವುದರಿಂದ, ಅಲ್ವಾ? ಉಚಿತ ಅಂದಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಯಾವ ವರ್ಷದ್ದು? ಕೌಂಟರಿಗೆ ವರ್ಷ ಬರೆಯದ ಸ್ಲಿಪ್ ತಂದವರನ್ನು ನಾನು ವಾಪಸ್ ಕಳಿಸುತ್ತಿದ್ದೆ. ಹುಡುಗರು ನನ್ನನ್ನು ಹಿಂದಿನಿಂದ ಏನಂತ ಕರೆಯುತ್ತಿದ್ದರು ಅನ್ನುವುದು ಇಲ್ಲಿ ಬೇಡ.

1906ರ ಆಚೆ ಏನೇನಾಯಿತು ನೋಡಿ. 1929ರಲ್ಲಿ ಸಿರಿಯಾದ ಕರಾವಳಿಯಲ್ಲಿ ಉಗಾರಿತ್ ನಗರದ ಉತ್ಖನನ ಶುರುವಾಯಿತು. ಹೀಬ್ರೂವಿಗೆ ತೀರ ಹತ್ತಿರದ ಒಂದು ಭಾಷೆ ಮಣ್ಣಿನ ಫಲಕಗಳ ಮೇಲೆ ಸಿಕ್ಕಿತು. ಬಾಳ್ ಎಂಬ ದೇವರ ಕಥೆಗಳು, ಕೀರ್ತನೆಗಳಂಥದ್ದೇ ಜೋಡಿ ಸಾಲಿನ ಕಾವ್ಯ ಎಲ್ಲ ಅಲ್ಲಿವೆ. 1947ರಲ್ಲಿ ಕುಮ್ರಾನಿನ ಗುಹೆಗಳಲ್ಲಿ ಮೃತ ಸಮುದ್ರದ ಸುರುಳಿಗಳು ಸಿಗತೊಡಗಿದವು, ಅವುಗಳಲ್ಲಿ ಹೀಬ್ರೂ ಬೈಬಲಿನ ಹಳೆಯ ಪ್ರತಿಗಳೂ ಇದ್ದವು. ಅದಕ್ಕೆ ಮುಂಚೆ ಹೀಬ್ರೂ ಬೈಬಲಿನ ಪೂರ್ತಿ ಹಸ್ತಪ್ರತಿ ಅಂದರೆ 1008ರ ಸುಮಾರಿನ ಲೆನಿನ್‌ಗ್ರಾಡ್ ಕೋಡೆಕ್ಸ್. ಸುರುಳಿಗಳು ನಮ್ಮನ್ನು ಅದಕ್ಕಿಂತ ಸಾವಿರ ವರ್ಷ ಹಿಂದಕ್ಕೆ ಕರೆದುಕೊಂಡು ಹೋದವು. 1906ರ ನಿಘಂಟಿಗೆ ಇದು ಯಾವುದೂ ಗೊತ್ತಿಲ್ಲ. ಗೊತ್ತಿರಲು ಸಾಧ್ಯವೂ ಇರಲಿಲ್ಲ.

ಹಾಗಂತ ಅವನ್ನು ಎಸೆಯಬೇಡಿ. ಯಾವ ವಚನದಲ್ಲಿ ಯಾವ ಪದ ಬಂದಿದೆ ಅಂತ ಹುಡುಕಲು ಸ್ಟ್ರಾಂಗ್ಸ್ ಇವತ್ತಿಗೂ ಚೆನ್ನಾಗಿದೆ. ಆದರೆ ಅದರ ಹಿಂಬದಿಯಲ್ಲಿರುವ ಪುಟ್ಟ ಅರ್ಥಗಳ ಮೇಲೆ ವಾದ ಕಟ್ಟಬೇಡಿ. ಮ್ಯಾಥ್ಯೂ ಹೆನ್ರಿಯನ್ನು ಉಲ್ಲೇಖಿಸಲೇಬೇಕು ಅನಿಸಿದರೆ ಹದಿನೆಂಟನೆಯ ಶತಮಾನದವರು ಈ ವಚನವನ್ನು ಹೇಗೆ ಓದಿದರು ಅನ್ನುವುದಕ್ಕೆ ಸಾಕ್ಷಿಯಾಗಿ ಉಲ್ಲೇಖಿಸಿ. ಆಗ ನಿಮ್ಮ ಗುರುಗಳು ಮಾರ್ಕ್ಸ್ ಕತ್ತರಿಸುವುದಿಲ್ಲ. ಇನ್ನೊಂದು ಮೋಸ ಇದೆ, ಹುಷಾರು. ಹಳೇ ಪುಸ್ತಕಕ್ಕೆ ಹೊಳೆಯುವ ಹೊಸ ರಟ್ಟು ಹಾಕಿ ಮರುಮುದ್ರಣ ಮಾಡುತ್ತಾರೆ. ರಟ್ಟು ನೋಡಬೇಡಿ. ಒಳಪುಟ ತಿರುಗಿಸಿ ಮೊದಲ ಮುದ್ರಣದ ವರ್ಷ ನೋಡಿ.

ಫೋನಿನಲ್ಲೇ ಕೆಲಸ ಆಗಬೇಕು ಅನ್ನುವುದಾದರೆ ಕೇಂಬ್ರಿಡ್ಜ್‌ನ ಟಿಂಡೇಲ್ ಹೌಸ್ ಮಾಡಿದ ಸ್ಟೆಪ್ ಬೈಬಲ್ ಹಾಕಿಕೊಳ್ಳಿ. ಉಚಿತ, ಪದದ ಮೇಲೆ ಒತ್ತಿದರೆ ಗ್ರೀಕ್, ಹೀಬ್ರೂ ರೂಪ ಕಾಣುತ್ತದೆ. ನೆಟ್ ಬೈಬಲ್‌ನ (ಇದೊಂದು ಇಂಗ್ಲಿಷ್ ಅನುವಾದ) ಅನುವಾದಕರ ಟಿಪ್ಪಣಿಗಳೂ ಉಚಿತ. ಅವರು ಅರವತ್ತು ಸಾವಿರಕ್ಕೂ ಹೆಚ್ಚು ಟಿಪ್ಪಣಿ ಬರೆದಿದ್ದಾರೆ, ಯಾವ ಪಾಠವನ್ನು ಯಾಕೆ ಆರಿಸಿಕೊಂಡೆವು ಅಂತ ಬಿಚ್ಚಿ ಹೇಳುತ್ತಾರೆ. ಯೆಹೂದಿ ವ್ಯಾಖ್ಯಾನಗಳು ಬೇಕಾದರೆ ಸೆಫಾರಿಯಾ ಜಾಲತಾಣ. ರಾಶಿ ಎಂಬ ಹನ್ನೊಂದನೆಯ ಶತಮಾನದ ಗುರು ಆದಿಕಾಂಡದ ಮೊದಲ ಸಾಲಿಗೇ ತಕರಾರು ತೆಗೆಯುವುದನ್ನು ಅಲ್ಲಿ ಓದಿ. ಮುಂದಿನ ಭಾನುವಾರದ ಪ್ರಸಂಗಕ್ಕೂ ಆಗುತ್ತದೆ.

ಉಚಿತ ಅಂದರೆ ಹಳೆಯದು ಅಂತಲೇ ತೀರ್ಮಾನ ಮಾಡಬೇಡಿ. ಶಿಕಾಗೋದ ಅಸೀರಿಯನ್ ನಿಘಂಟು (ಪ್ರಾಚೀನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯದ್ದು) 1921ರಲ್ಲಿ ಶುರುವಾಗಿ ಮುಗಿಯಲು ಸುಮಾರು 90 ವರ್ಷ ಹಿಡಿಯಿತು. ಶುರು ಮಾಡಿದವರಲ್ಲಿ ಒಬ್ಬರೂ ಕೊನೆಯ ಸಂಪುಟ ನೋಡಲಿಲ್ಲ. ಅದರ ಎಲ್ಲ ಸಂಪುಟಗಳನ್ನೂ ವಿಶ್ವವಿದ್ಯಾಲಯ ಪಿಡಿಎಫ್ ಮಾಡಿ ಸುಮ್ನೆ ಕೊಟ್ಟುಬಿಟ್ಟಿದೆ. ಇಷ್ಟು ಹೃದಯವಂತ ಸಂಸ್ಥೆಗಳು ಕಡಿಮೆ.

*ಪ್ರಶ್ನೆ: ಒಳ್ಳೆಯ ಲೇಖನ ಸಿಕ್ಕಿತು ಅನ್ನುವಷ್ಟರಲ್ಲಿ ಹಣ ಕಟ್ಟಿ ಅನ್ನುತ್ತದೆ. ನನ್ನ ಕಾಲೇಜಿಗೆ ಯಾವ ಡೇಟಾಬೇಸ್‌ನ ಚಂದಾವೂ ಇಲ್ಲ. ನನ್ನಂಥವರು ಸಂಶೋಧನೆ ಮಾಡುವುದೇ ಬೇಡವೇ?*

ಮಾಡಬೇಕು. ದಾರಿ ಸ್ವಲ್ಪ ಸುತ್ತು, ಅಷ್ಟೇ.

ಜೆಸ್ಟೋರ್‌ನಲ್ಲಿ (ವಿದ್ವತ್ ಪತ್ರಿಕೆಗಳ ಲೇಖನಗಳಿರುವ ತಾಣ) ನಿಮ್ಮ ಹೆಸರಲ್ಲೇ ಒಂದು ಖಾತೆ ತೆರೆಯಿರಿ. ಕಾಲೇಜು ಬೇಕಿಲ್ಲ. ತಿಂಗಳಿಗೆ 100 ಲೇಖನ ಪರದೆಯ ಮೇಲೆ ಓದಬಹುದು, ಇಳಿಸಿಕೊಳ್ಳಲು ಮಾತ್ರ ಬಿಡುವುದಿಲ್ಲ. 1881ರಿಂದ ಬರುತ್ತಿರುವ ಜರ್ನಲ್ ಆಫ್ ಬಿಬ್ಲಿಕಲ್ ಲಿಟರೇಚರ್‌ನ ಹಳೆಯ ಸಂಚಿಕೆಗಳೂ ಅಲ್ಲಿವೆ. ಆ ಪತ್ರಿಕೆ ತರುವ ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್, ಆದಾಯ ಕಡಿಮೆ ಇರುವ ದೇಶಗಳ ಓದುಗರಿಗೆ ತನ್ನ ನೂರಾರು ಪುಸ್ತಕಗಳನ್ನು ಉಚಿತವಾಗಿ ಕೊಡುತ್ತದೆ. ಇಂಟರ್‌ನ್ಯಾಷನಲ್ ಕೋಆಪರೇಷನ್ ಇನಿಶಿಯೇಟಿವ್ ಅಂತ ಅದರ ಹೆಸರು. ಗೊತ್ತಿರುವವರು ತೀರ ಕಡಿಮೆ. ನಾನಂತೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಮೊದಲಿಂದಲೂ ಉಚಿತವಾಗಿರುವ ಪತ್ರಿಕೆಗಳಿವೆ. ಜರ್ನಲ್ ಆಫ್ ಹೀಬ್ರೂ ಸ್ಕ್ರಿಪ್ಚರ್ಸ್, ಹಸ್ತಪ್ರತಿಗಳನ್ನು ಹೋಲಿಸಿ ಮೂಲ ಪಠ್ಯ ಹುಡುಕುವ ಪಾಠವಿಮರ್ಶೆಗೇ ಮೀಸಲಾದ ಟಿಸಿ, ಎರಡೂ 1996ರಲ್ಲಿ ಶುರುವಾದವು. ಟಿಂಡೇಲ್ ಬುಲೆಟಿನ್ ಕೂಡ ಈಗ ಎಲ್ಲರಿಗೂ ತೆರೆದಿದೆ. ಒರ್ಬಿಸ್ ಬಿಬ್ಲಿಕಸ್ ಎಟ್ ಓರಿಯೆಂಟಾಲಿಸ್ ಅನ್ನುವ ಭಾರೀ ಗ್ರಂಥಮಾಲೆಯನ್ನು ಜ್ಯೂರಿಕ್ ವಿಶ್ವವಿದ್ಯಾಲಯ ತನ್ನ ಸಂಗ್ರಹದಲ್ಲಿ ಇಟ್ಟಿದೆ. ಅರ್ಧಕ್ಕರ್ಧ ಜರ್ಮನ್‌ನಲ್ಲಿದೆ ಅಂತ ಓಡಿಹೋಗಬೇಡಿ, ಚಿತ್ರಗಳೇ ಸಾಕಷ್ಟು ಪಾಠ ಹೇಳುತ್ತವೆ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ತೊಂಬತ್ತರ ದಶಕದ ಕೆಲವು ಪುಸ್ತಕಗಳು ಒಂದು ಗಂಟೆಯ ಎರವಲಿಗೆ ಸಿಗುತ್ತವೆ. ಬೇಕಾದ ಪುಟ ಯಾವುದು ಅಂತ ಮೊದಲೇ ಗೊತ್ತಿದ್ದರೆ ಒಂದು ಗಂಟೆ ಧಾರಾಳ.

ಎಲ್ಲ ಕಡೆ ಸೋತಿರಾ? ಬರೆದವರಿಗೇ ಇಮೇಲ್ ಹಾಕಿ. ನಾಲ್ಕು ಸಾಲು ಸಾಕು. ನೀವು ಯಾರು, ಏನು ಬರೆಯುತ್ತಿದ್ದೀರಿ, ಅವರ ಯಾವ ಲೇಖನ ಬೇಕು. 'ನನಗೆ ಬೈಬಲ್ ಬಗ್ಗೆ ಮಾಹಿತಿ ಕಳಿಸಿ' ಅಂತ ಮಾತ್ರ ಬರೆಯಬೇಡಿ! ಹೆಚ್ಚಿನ ಪ್ರಾಧ್ಯಾಪಕರು ಲೇಖನ ಕಳಿಸುತ್ತಾರೆ, ಸಂತೋಷವಾಗಿಯೇ. ತಾವು ಬರೆದದ್ದನ್ನು ಒಬ್ಬರು ಹುಡುಕಿಕೊಂಡು ಬಂದು ಕೇಳುವುದು ಅವರಿಗೂ ದಿನಾ ಆಗುವ ಸಂಗತಿಯಲ್ಲ.

*ಪ್ರಶ್ನೆ: ಎಐ ಚಾಟ್‌ಬಾಟ್ ಅನ್ನು ಕೇಳಿದೆ. ರೋಮಾಪುರದವರಿಗೆ ಬರೆದ ಪತ್ರದ ಬಗ್ಗೆ ಐದು ಲೇಖನಗಳ ಹೆಸರು ಕೊಟ್ಟಿತು. ಮೂರು ಎಲ್ಲೂ ಸಿಗುತ್ತಿಲ್ಲ. ಎಲ್ಲಿ ಹುಡುಕಲಿ?*

ಹುಡುಕಬೇಡಿ, ಅವು ಹುಟ್ಟೇ ಇಲ್ಲದಿರಬಹುದು. ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಕಟ್ಟುಕಥೆ. ಪುಸ್ತಕವಾದರೆ ಜಗತ್ತಿನ ಲೈಬ್ರರಿಗಳ ಒಟ್ಟು ಪಟ್ಟಿಯಾದ ವರ್ಲ್ಡ್‌ಕ್ಯಾಟ್‌ನಲ್ಲಿ, ಲೇಖನವಾದರೆ ಆ ಪತ್ರಿಕೆಯ ಆ ಸಂಪುಟದ ಪರಿವಿಡಿಯಲ್ಲಿ ನೋಡಿ. ಅಲ್ಲಿ ಇಲ್ಲ ಅಂದರೆ ಹೊಡೆದುಹಾಕಿ. ಸಿಕ್ಕ ಎರಡನ್ನೂ ಓದದೆ ಉಲ್ಲೇಖಿಸಬೇಡಿ. ಹೆಸರು ಸರಿ ಇದ್ದರೂ ಅದು ಹೇಳಿದ ಸಾರಾಂಶ ಸರಿ ಇರಬೇಕೆಂದಿಲ್ಲ.

*ಪ್ರಶ್ನೆ: 'ಹೊಸ ಸುವಾರ್ತೆ ಪತ್ತೆ' ಅಂತ ಆಗಾಗ ಸುದ್ದಿ ಬರುತ್ತದೆ. ಇಂಥದ್ದನ್ನು ಪ್ರಬಂಧದಲ್ಲಿ ಬಳಸಬಹುದೇ?*

ಸುದ್ದಿ ಬಂದ ವಾರ ಬೇಡವೇ ಬೇಡ. 2012ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕಿಯೊಬ್ಬರು ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡ ಪಪೈರಸ್ (ಜೊಂಡಿನಿಂದ ಮಾಡಿದ ಪ್ರಾಚೀನ ಹಾಳೆ) ತುಂಡೊಂದನ್ನು ತೋರಿಸಿದರು. ಈಜಿಪ್ಟಿನ ಹಳೆಯ ಕಾಪ್ಟಿಕ್ ಭಾಷೆಯಲ್ಲಿ 'ಯೇಸು ಅವರಿಗೆ ಹೇಳಿದನು, ನನ್ನ ಹೆಂಡತಿ...' ಅಂತ ಅದರಲ್ಲಿತ್ತು. ಜಗತ್ತೆಲ್ಲ ಸುದ್ದಿ. ಪರೀಕ್ಷೆ ಮಾಡಿದರೆ ಪಪೈರಸ್ ನಿಜವಾಗಿಯೂ ಹಳೆಯದೇ! ಆದರೆ ಬರಹವನ್ನು ಬೈಬಲಿನಲ್ಲಿಲ್ಲದ, ಕಾಪ್ಟಿಕ್‌ನಲ್ಲಿರುವ ತೋಮನ ಸುವಾರ್ತೆಯ ಪಠ್ಯದ ಜೊತೆ ಸಾಲಿಗೆ ಸಾಲು ಹೋಲಿಸಿದವರಿಗೆ ಬೇರೆ ಏನೋ ಕಂಡಿತು. ಇಂಟರ್‌ನೆಟ್ಟಿನಲ್ಲಿದ್ದ ತೋಮನ ಒಂದು ಪಿಡಿಎಫ್‌ನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಆ ತುಂಡಿನಲ್ಲೂ ಅದೇ ಅಕ್ಷರ ಇಲ್ಲ. ಸಾವಿರ ವರ್ಷಕ್ಕೂ ಹಿಂದಿನ ಲೇಖಕ ನಮ್ಮ ಕಾಲದ ಟೈಪಿಂಗ್ ತಪ್ಪನ್ನು ನಕಲು ಮಾಡಿದ್ದಾದರೂ ಹೇಗೆ? 2016ರಲ್ಲಿ ಪತ್ರಕರ್ತರೊಬ್ಬರು ಆ ತುಂಡಿನ ಮಾಲೀಕನ ಜಾಡು ಹಿಡಿದು ಹೋದಮೇಲೆ, ಇದು ಬಹುಶಃ ನಕಲಿ ಎಂದು ಆ ಪ್ರಾಧ್ಯಾಪಕಿಯೇ ಒಪ್ಪಿಕೊಂಡರು. 2020ರಲ್ಲಿ ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂನಲ್ಲಿದ್ದ ಮೃತ ಸಮುದ್ರ ಸುರುಳಿಯ 16 ತುಂಡುಗಳೂ ನಕಲಿ ಅಂತ ವರದಿ ಬಂತು. ಹದಿನಾರಕ್ಕೆ ಹದಿನಾರೂ.

ಹಾಗಾಗಿ ಹಸ್ತಪ್ರತಿಗೂ ಜಾತಕ ಕೇಳಬೇಕು. ಎಲ್ಲಿ ಸಿಕ್ಕಿತು, ಯಾರು ಅಗೆದರು, ಯಾರ ಕೈಯಿಂದ ಯಾರ ಕೈಗೆ ಬಂತು. 'ಹೆಸರು ಹೇಳಲಿಚ್ಛಿಸದ ಸಂಗ್ರಾಹಕ' ಅಂತಿದ್ದರೆ ದೂರ ಇರಿ. ಸುರುಳಿಗಳ ಮೇಲೆ ಕೆಲಸ ಮಾಡುವ ಆಸೆ ಇದ್ದರೆ ಇಸ್ರೇಲಿನ ಪುರಾತತ್ತ್ವ ಇಲಾಖೆ 2012ರಲ್ಲಿ ತೆರೆದ ಲಿಯಾನ್ ಲೆವಿ ಡಿಜಿಟಲ್ ಲೈಬ್ರರಿ ಇದೆ. ಅಲ್ಲಿ ತುಂಡುಗಳ ಇನ್‌ಫ್ರಾರೆಡ್ ಚಿತ್ರಗಳಿವೆ. ಕಣ್ಣಿಗೆ ಬರೀ ಕಪ್ಪಾಗಿ ಕಾಣುವ ಚರ್ಮದ ಮೇಲೆ ಅಕ್ಷರಗಳು ಮೂಡಿಬರುತ್ತವೆ. ಯೆಶಾಯನ ಮಹಾಸುರುಳಿ ಮಾತ್ರ ಇಸ್ರೇಲ್ ಮ್ಯೂಸಿಯಂನ ತಾಣದಲ್ಲಿದೆ. ಏಳು ಮೀಟರಿಗೂ ಉದ್ದ, 54 ಕಾಲಂ. ಬಲದಿಂದ ಎಡಕ್ಕೆ ಸರಿಸುತ್ತಾ ಓದಬೇಕು.

*ಪ್ರಶ್ನೆ: ಯೋವೇಲ 4:1ರ ಬಗ್ಗೆ ಒಂದು ಲೇಖನ ಸಿಕ್ಕಿತು. ನನ್ನ ಬೈಬಲಿನಲ್ಲಿ ಯೋವೇಲನಿಗೆ ಮೂರೇ ಅಧ್ಯಾಯ! ಲೇಖನವೇ ತಪ್ಪೇ?*

ಲೇಖನ ಸರಿ, ನಿಮ್ಮ ಬೈಬಲೂ ಸರಿ. ಹೀಬ್ರೂ ಬೈಬಲಿನಲ್ಲಿ ಯೋವೇಲನಿಗೆ ನಾಲ್ಕು ಅಧ್ಯಾಯ. ನಿಮ್ಮ 2:28ರಿಂದ 32 ಅವರ ಮೂರನೆಯ ಅಧ್ಯಾಯ, ನಿಮ್ಮ ಮೂರು ಅವರ ನಾಲ್ಕು. ಮಲಾಕಿಯನಲ್ಲಿ ಉಲ್ಟಾ: ನಿಮಗೆ ನಾಲ್ಕು, ಅವರಿಗೆ ಮೂರೇ. ಕೀರ್ತನೆಗಳಲ್ಲಿ ಮೇಲಿನ ಶೀರ್ಷಿಕೆಯನ್ನೂ ಹೀಬ್ರೂದಲ್ಲಿ ವಚನವಾಗಿ ಎಣಿಸುವುದುಂಟು. ಹಾಗಾಗಿ ನಿಮ್ಮ 51:1 ಅವರಿಗೆ 51:3. ಹೀಬ್ರೂ ಬೈಬಲಿನ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್‌ನಲ್ಲಂತೂ ಒಂಬತ್ತು, ಹತ್ತನೆಯ ಕೀರ್ತನೆಗಳು ಸೇರಿ ಒಂದಾಗಿವೆ. ಅಲ್ಲಿಂದ ಮುಂದೆ ಬಹುಪಾಲು ಒಂದೊಂದು ನಂಬರ್ ಕಡಿಮೆ. 'ಯೆಹೋವನು ನನಗೆ ಕುರುಬನು' ಅನ್ನುವ 23ನೆಯ ಕೀರ್ತನೆ ಅಲ್ಲಿ 22ನೆಯದು. ಸೂಚಿಯಲ್ಲಿ ವಚನ ಹಾಕಿ ಹುಡುಕುವಾಗ ಏನೂ ಸಿಗದಿದ್ದರೆ ಎರಡೂ ನಂಬರ್ ಹಾಕಿ ನೋಡಿ. ಪ್ರಬಂಧದ ಮೊದಲ ಅಡಿಟಿಪ್ಪಣಿಯಲ್ಲೇ ಯಾವ ಎಣಿಕೆ ಬಳಸಿದ್ದೀರಿ ಅಂತ ಒಂದು ಸಾಲು ಬರೆದುಬಿಡಿ. ಇಲ್ಲದಿದ್ದರೆ ವೈವಾದಲ್ಲಿ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.